ಆಷಾಢಕ್ಕೆ ಮೊದಲು ಬರೆದುಕೊಟ್ಟ ಹೆಸರು

ಆರು ವರ್ಷದ ಹಿಂದೆ ಶ್ರೀನಿವಾಸಪುರದಲ್ಲಿ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿಗೆ ನಾನು ಡೈರೆಕ್ಟರ್ ಆದೆ. ಅದುವರೆಗೆ ಮನೆ ನಡೆಸಿದವಳು. ಕಂಪನಿಯ ಮಾಲು ತಾಂಡ್ರ, ಅಂದರೆ ಮಾವಿನ ರಸವನ್ನು ಚಾಪೆಯ ಮೇಲೆ ಪದರ ಪದರವಾಗಿ ಬಳಿದು ಬಿಸಿಲಿಗೆ ಒಣಗಿಸಿದ ತಿಂಡಿ. ಅದನ್ನು ಕಲಿಸಿದವರು ರಾಯಲ್ಪಾಡಿನ ನನ್ನ ತಾಯಿ ನರಸಕ್ಕ. ಅವರು ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಡಬ್ಬಿಯ ಮೇಲೆ ಅವರ ಹೆಸರಿರಬೇಕು ಎನ್ನುವುದೊಂದೇ ನನ್ನ ಆಸೆ. ಇನ್ನೊಬ್ಬ ಡೈರೆಕ್ಟರ್ ನನ್ನ ಮೈದುನ ಮುರಳಿ.

ನೋಂದಣಿಯ ಕೆಲಸ ಮಾಡಿಕೊಡುವ ಕೋಲಾರದ ಕಂಪನಿ ಸೆಕ್ರೆಟರಿ ಒಬ್ಬರ ಬಳಿ ಹೋದೆವು. ಟ್ರೇಡ್‌ಮಾರ್ಕ್ ಅರ್ಜಿಯನ್ನೂ, ಅಂದರೆ ಡಬ್ಬಿಯ ಹೆಸರು ನಮ್ಮದೆಂದು ನೋಂದಾಯಿಸುವ ಅರ್ಜಿಯನ್ನೂ, ಅಂದೇ ಹಾಕಿ ಎಂದೆವು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಕಂಪನಿ ಇನ್ನೂ ಹುಟ್ಟಿಲ್ಲಮ್ಮ. ಅದರ ಹೆಸರಲ್ಲಿ ಅರ್ಜಿ ಹಾಕಕ್ಕಾಗಲ್ಲ. ಸರ್ಟಿಫಿಕೇಟ್ ಬರೋಕೆ ಹದಿನೈದು ದಿನ ಆಗುತ್ತೆ, ಅಲ್ಲೀವರೆಗೂ ತಡೀರಿ."

ಆಷಾಢಕ್ಕೆ ನಾಲ್ಕೇ ದಿನ ಉಳಿದಿತ್ತು. ಮನೆಗೆ ಬಂದು ಹೇಳಿದರೆ, ಹೆಸರಿನ ಅರ್ಜಿಯನ್ನು ಆಷಾಢದಲ್ಲಿ ಹಾಕಲು ಅತ್ತೆ ಒಪ್ಪಲಿಲ್ಲ. "ಆಷಾಢದಾಗೆ ಹೊಸ ಸೊಸೇನೇ ತವರಿಗೆ ಕಳಿಸ್ತೀವಿ. ನೀನು ಕಂಪನೀನ ಮನೆ ತುಂಬಿಸ್ಕೊತೀಯೇನೇ?"

ಮುರಳಿ ನಕ್ಕ. "ಅತ್ತಿಗೆ, ಸದ್ಯಕ್ಕೆ ನನ್ನ ಹೆಸರಲ್ಲಿ ಹಾಕಿರ್ಲಿ. ಆಮೇಲೆ ಕಂಪನಿಗೆ ಬರ್ಕೊಡ್ತೀನಿ. ನಾನೇನು ಊರು ಬಿಟ್ಟೋಗ್ತೀನಾ?"

ಮರುದಿನ ಕೋಲಾರಕ್ಕೆ ಹೋದಾಗ, ನಿಮ್ಮ ಹೆಸರಲ್ಲೇ ಹಾಕಬಹುದಲ್ಲ ಎಂದು ಸೆಕ್ರೆಟರಿ ನನ್ನನ್ನು ಕೇಳಿದರು. ಆಫೀಸಿನ ಓಡಾಟ ಗಂಡಸರದು ಎಂದುಬಿಟ್ಟೆ. ಇತ್ತೀಚೆಗೆ ತೀರಿಕೊಂಡವರ ಹೆಸರಾದ್ದರಿಂದ ವಾರಸುದಾರರ ಒಪ್ಪಿಗೆ ಪತ್ರವೂ ಬೇಕಿತ್ತು. ನಾನು ಒಬ್ಬಳೇ ಮಗಳು. 'ಈ ಹೆಸರನ್ನು ಮುರಳಿಯವರು ಬಳಸಲು ನನ್ನ ಅಭ್ಯಂತರವಿಲ್ಲ' ಎಂದು ದುಂಡಗೆ ಸಹಿ ಹಾಕಿದೆ.

ಮಾಲು ಚೆನ್ನಾಗಿ ಹೋಯಿತು. ಹೆಸರನ್ನು ಕಂಪನಿಗೆ ವರ್ಗಾಯಿಸುವ ಪತ್ರದ ಮಾತೆತ್ತಿದಾಗಲೆಲ್ಲ ಮುರಳಿಯದು ಒಂದೇ ಉತ್ತರ: "ನಮ್ನಮ್ಮಲ್ಲೇ ಏನು ಪತ್ರ ಅತ್ತಿಗೆ?" ಎರಡನೇ ಸಲ ಕೇಳಿದ ಮೇಲೆ ನನಗೇ ನಾಚಿಕೆಯಾಗತೊಡಗಿತು.

ಮೂರನೇ ವರ್ಷ ಅವನು ರಾಜೀನಾಮೆ ಕೊಟ್ಟು ಮಾಲೂರಿನಲ್ಲಿ ಸ್ವಂತ ಶೆಡ್ ಹಾಕಿದ. ತಿಂಗಳೊಳಗೆ ಅವನ ವಕೀಲರ ನೋಟಿಸು ಬಂತು: ಕಂಪನಿ ಆ ಹೆಸರನ್ನು ಬಳಸುವುದನ್ನು ಕೂಡಲೇ ನಿಲ್ಲಿಸಬೇಕು. ಎರಡು ಪುಟದಲ್ಲಿ ಅಮ್ಮನ ಹೆಸರು ಎಂಟು ಸಲ ಇತ್ತು. ಫೋನ್ ಮಾಡಿದೆ.

"ಅತ್ತಿಗೆ, ಇದು ಬಿಸಿನೆಸ್. ಮನಸ್ಸಿಗೆ ಹಚ್ಕೋಬೇಡಿ" ಎಂದ.

ನಮ್ಮ ವಕೀಲರು ಕಡತವನ್ನೆಲ್ಲ ಓದಿದರು. "ಕೇಸು ಹಾಕೋಣ ಮೇಡಂ. ಆದ್ರೆ ಅವ್ರು ಮೊದಲು ತೋರ್ಸೋದೇ ನಿಮ್ಮ ಒಪ್ಪಿಗೆ ಪತ್ರ." ಹಾಕಲಿಲ್ಲ. ಕೆಲಸದ ಹೆಂಗಸರ ಜೊತೆ ಕೂತು ಡಬ್ಬಿಗಳ ಚೀಟಿ ಕಿತ್ತೆ. ಅಂಟು ಬಿಡದ ಕಡೆ ಬಿಸಿನೀರಲ್ಲಿ ಉಜ್ಜಿದೆವು.

ಕಂಪನಿ ಕಟ್ಟುವವರಿಗೆ ನಾನು ಹೇಳುವುದು ಇಷ್ಟೇ. ಕಾನೂನಿಗೆ ಕಂಪನಿ ಬೇರೆಯೇ ಒಬ್ಬ ವ್ಯಕ್ತಿ. ಅದಕ್ಕೆ ಸೇರಬೇಕಾದ್ದನ್ನು ಅದರ ಹೆಸರಿಗೇ ಮಾಡಿ, ಅಲ್ಲಿಯವರೆಗೆ ಕಾಯಿರಿ. ಮನೆಯವರ ಬಳಿ ಪತ್ರ ಕೇಳಲು ನಾಚಬೇಡಿ.

ಹೋದ ವಾರ ಮುಳಬಾಗಿಲು ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಮುರಳಿಯ ಡಬ್ಬಿ ತಿರುಗಿಸಿ ನೋಡಿದೆ. ಅಮ್ಮನ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ಅಚ್ಚಾಗಿತ್ತು: ಅನುಮತಿಯಿಲ್ಲದೆ ಈ ಹೆಸರನ್ನು ಯಾರೂ ಬಳಸಬಾರದು.