ಹಾಗಲಕಾಯಿ ಪ್ರಸಾದ

ನಮ್ಮ ಮಾವನವರು ಉಂಡೆದ್ದ ತಟ್ಟೆ ನೋಡಿದರೆ ಸಾಕು, ಉಂಡದ್ದು ಮಠದಲ್ಲೋ ಮನೆಯಲ್ಲೋ ಎಂದು ಯಾರು ಬೇಕಾದರೂ ಹೇಳಬಹುದಿತ್ತು. ಆನೆಕೊಂಡದ ನಮ್ಮ ಓಣಿಯ ಮಠದಲ್ಲಿ ಸೋಮವಾರ ಸೋಮವಾರ ಪ್ರಸಾದ. ಅಲ್ಲಿ ಒಂದು ಅಗುಳೂ ಬಿಡುವಂತಿಲ್ಲ. ಉಂಡ ಮೇಲೆ ತಟ್ಟೆಗೆ ನೀರು ಹಾಕಿ, ಬೆರಳಾಡಿಸಿ ತೊಳೆದು, ಆ ನೀರನ್ನೂ ಕುಡಿದೇ ಏಳಬೇಕು. ಮಾವ ಗುತ್ತೆಪ್ಪನವರು ಈ ವಿಷಯದಲ್ಲಿ ಬಲು ನಿಷ್ಠೆಯವರು, ಅವರ ತಟ್ಟೆಯಲ್ಲಿ ಮುಖ ನೋಡಿಕೊಳ್ಳಬಹುದಿತ್ತು. ಮನೆಗೆ ಬಂದರೆ ಮಾತ್ರ ಬೇರೆಯೇ ಮನುಷ್ಯ. ಅನ್ನ, ಸಾರು ಹೊಟ್ಟೆಗೆ. ಬೀನ್ಸು, ಹೀರೇಕಾಯಿ, ಮೆಂತ್ಯದ ಸೊಪ್ಪು ಮಾತ್ರ ಹೊಲಕ್ಕೆ ಬದು ಹಾಕಿದ ಹಾಗೆ ತಟ್ಟೆಯ ಅಂಚಿಗೆ.

ಆ ಬದುವನ್ನು ತಿನ್ನುತ್ತಿದ್ದವರು ನಮ್ಮ ಅತ್ತೆ ಕೊಟ್ರವ್ವ. ಗಂಡ ಉಂಡ ತಟ್ಟೆಯಲ್ಲೇ ಹೆಂಡತಿ ಬಡಿಸಿಕೊಂಡು ಉಣ್ಣುವುದು ಅವರ ಕಾಲದ ಪದ್ಧತಿಯಂತೆ. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಅದನ್ನು ಕಂಡು ಮೈಯೆಲ್ಲ ಉರಿದಿತ್ತು. "ನನಗೇನು ಬ್ಯಾಸರ ಇಲ್ಲ ರೇಖಾ, ಪಲ್ಲೆ ಎಲ್ಲ ನನಗೇ ಸಿಗ್ತೈತಲ್ಲ" ಎಂದು ಅತ್ತೆ ನಗುತ್ತಿದ್ದರು. ನಾನು ನಗಲಿಲ್ಲ.

ಅತ್ತೆಯ ತವರು ಹರಿಹರ. ಹೊಳೆದಂಡೆಯಲ್ಲಿ ಸೊಪ್ಪು, ತರಕಾರಿ ಬೆಳೆಯುವ ಮನೆತನ. ರೊಟ್ಟಿಯ ಜೊತೆ ಹಕ್ಕರಿಕೆ ಸೊಪ್ಪನ್ನು ಹಸಿಯಾಗಿಯೇ ಕಚ್ಚಿ ತಿಂದು ಬೆಳೆದವರು. ಮಾವ ಅದನ್ನೇ ಹಿಡಿದು ಆಡಿಕೊಳ್ಳುವರು: "ಹರಿಹರದೋರು ನೀವು, ದನಕ್ಕೂ ಮೇವು ಉಳಿಸಂಗಿಲ್ಲ." ಮಾವನವರೋ, ಸಂಜೆಯಾಯಿತೆಂದರೆ ಕೆ.ಬಿ. ಬಡಾವಣೆಯ ಗಾಡಿಯ ಮುಂದೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಹಿಡಿದು ನಿಂತಿರುವರು. ಏನಾದರೂ ಹೇಳಿದರೆ ಉತ್ತರ ಸಿದ್ಧ: "ಮೆಣಸಿನಕಾಯಿ ತರಕಾರಿ ಅಲ್ಲೇನು?"

ಹೀಗಿರುವಾಗ ಮಾವನ ಕಾಲ್ಬೆರಳಿಗೆ ಹುಣ್ಣಾಯಿತು. ಸಕ್ಕರೆ ಕಾಯಿಲೆ ಮೊದಲೇ ಇತ್ತು. ಪಿ.ಜೆ. ಬಡಾವಣೆಯ ಡಾಕ್ಟರಮ್ಮ ಬೆರಳಿಗೆ ಸುತ್ತಿದ್ದ ಬಟ್ಟೆ ಬಿಚ್ಚಿ ನೋಡಿ, "ಔಷಧಿ ನಾನು ಕೊಡ್ತೀನಿ ಯಜಮಾನ್ರೇ. ಆದ್ರೆ ಅನ್ನ ಕಡಿಮೆ ಆಗ್ಬೇಕು, ತಟ್ಟೆಯಲ್ಲಿ ಅರ್ಧದಷ್ಟು ಸೊಪ್ಪು, ತರಕಾರಿ ಇರ್ಬೇಕು. ಹಿಂಗೇ ನಡೆದ್ರೆ ಬೆರಳು ಉಳಿಯೋದು ಕಷ್ಟ" ಎಂದರು. ಮಾವನ ಅಣ್ಣನಿಗೂ ಬೆರಳಿನಿಂದಲೇ ಶುರುವಾಗಿ ಮೊಣಕಾಲಿನ ತನಕ ಕಾಲನ್ನೇ ತೆಗೆಯಬೇಕಾಗಿ ಬಂದದ್ದನ್ನು ಮನೆಯಲ್ಲಿ ಯಾರೂ ಮರೆತಿರಲಿಲ್ಲ. ಆಟೋದಲ್ಲಿ ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡು ಅತ್ತರು. ಮನೆ ಮುಟ್ಟುವ ಹೊತ್ತಿಗೆ ಅಳು ಹೋಗಿ ಸಿಟ್ಟು ಬಂದಿತ್ತು. ಆ ಸಿಟ್ಟು ಕಂಡು ನನಗೆ ಸಮಾಧಾನವಾಯಿತು.

ಮೊದಲು ಮೆಂತ್ಯದ ಸೊಪ್ಪನ್ನು ರೊಟ್ಟಿಹಿಟ್ಟಿಗೆ ಕಲಸಿದೆವು. ಮಾವ ರೊಟ್ಟಿ ಹರಿದು ಹಸಿರನ್ನೆಲ್ಲ ಹೆಕ್ಕಿ ಇಟ್ಟರು. ಸೋರೆಕಾಯಿ ರುಬ್ಬಿ ಸಾರಿಗೆ ಹಾಕಿದರೆ ಮೂಗಿನಲ್ಲೇ ಪತ್ತೆ ಹಚ್ಚಿದರು. ಅತ್ತೆ ಸೌಟನ್ನು ಕುಕ್ಕಿ ಹೇಳಿದರು: "ಕದ್ದು ಮುಚ್ಚಿ ತಿನ್ಸಾಕೆ ಇದೇನು ವಿಷಾನಾ? ಇನ್ನ ಎದುರಿಗೇ ಬಡಿಸ್ತೀನಿ. ಹೆಂಗೆ ಬಿಡ್ತಾರೋ ನೋಡ್ತೀನಿ."

ಮರುವಾರ ಮಠದ ಪ್ರಸಾದದ ಸರದಿ ನಮ್ಮ ಮನೆಯದು. ಯಾರ ಸರದಿಯೋ ಅವರದೇ ಅಡುಗೆ. ಆದರೆ ಎಲ್ಲ ಮನೆಯವರೂ ಮಾಡುವುದು ಒಂದೇ: ಗೋಧಿ ಹುಗ್ಗಿ, ಅನ್ನ, ಸಾರು. ಅತ್ತೆ ಹರಿಹರದಲ್ಲಿರುವ ತಮ್ಮ ಬೋರಣ್ಣನಿಗೆ ಫೋನ್ ಹಚ್ಚಿ ಹಾಗಲಕಾಯಿ, ಪುಂಡಿ ಸೊಪ್ಪು, ಹಕ್ಕರಿಕೆ ಚೀಲಗಟ್ಟಲೆ ತರಿಸಿದರು. ಮಠದ ಅಡುಗೆಮನೆಯಲ್ಲಿ ಹಾಗಲಕಾಯಿ ಹೆಚ್ಚಿ, ಹುಣಸೆ ಹುಳಿ ಹಿಂಡಿ, ಗುರೆಳ್ಳು ಪುಡಿ ಉದುರಿಸಿ ಪಲ್ಲೆ ಮಾಡಿದರು. ಘಮ ಮಠದ ಬಾಗಿಲು ದಾಟಿ ಹೋಗಿ, ಅಲ್ಲಿನ ಹಿರಿಯರಾದ ಹಾಲಸ್ವಾಮಿಯವರನ್ನು ಎಳೆದು ತಂದಿತು.

"ಏನವ್ವಾ ಕೊಟ್ರವ್ವಾ, ಹುಗ್ಗಿ ಎಲ್ಲೈತೆ?"

"ಐತ್ರಿ. ಒಂದೊಂದು ಚಮಚ ಹಾಕ್ತೀನಿ."

"ಹಾಗಲಕಾಯಿ ಪಲ್ಲೆ ಯಾರಾದ್ರೂ ಪ್ರಸಾದಕ್ಕೆ ಮಾಡ್ತಾರೇನು? ಜನ ಏನಂತಾರೆ?"

"ದೇವ್ರೇನು ಹಾಗಲಕಾಯಿ ಬ್ಯಾಡ ಅಂದಾನೇನ್ರಿ? ಸರದಿ ನಮ್ದು, ಒಲೆ ನಮ್ದು. ಬ್ಯಾಡಾದೋರು ಎದ್ದು ಹೋಗ್ಲಿ. ಪ್ರಸಾದ ಬಿಟ್ಟು ಏಳೋ ಗಂಡಸು ಈ ಓಣ್ಯಾಗೆ ಯಾರು ಅಂತ ನಾನೂ ನೋಡ್ಬೇಕು."

ಹಾಲಸ್ವಾಮಿಯವರು ಹೋಗಿ ಪಂಕ್ತಿಯಲ್ಲಿ ಕುಳಿತರು. ಬಡಿಸಿದವಳು ನಾನೇ. ತಟ್ಟೆಯ ಅರ್ಧಕ್ಕೆ ಪಲ್ಲೆ, ಸೊಪ್ಪು. ಅನ್ನ ಒಂದು ಹಿಡಿ. ಗಂಡಸರೆಲ್ಲ ಪಕ್ಕದವರ ತಟ್ಟೆ ನೋಡಿದರು, ಆಮೇಲೆ ಬಾಗಿಲು ನೋಡಿದರು. ಬಾಗಿಲಲ್ಲಿ ಅತ್ತೆ ಸೆರಗು ಸಿಕ್ಕಿಸಿಕೊಂಡು ನಿಂತಿದ್ದರು. ಒಬ್ಬರೂ ಏಳಲಿಲ್ಲ. ಮಾವ ಕಣ್ಣು ಮುಚ್ಚಿಕೊಂಡೇ ಮೊದಲ ತುತ್ತು ನುಂಗಿದರು. ಕೊನೆಗೆ ತಟ್ಟೆ ತೊಳೆದು, ಆ ಹಸಿರು ನೀರನ್ನೂ ಕುಡಿದು ಎದ್ದರು. ನನಗೆ ಸಿಳ್ಳೆ ಹೊಡೆಯುವಷ್ಟು ಖುಷಿಯಾಯಿತು. ಮುಂದಿನ ವಾರದ ಸರದಿಯ ಸರೋಜಾ ಹಿತ್ತಲ ಬಾಗಿಲಿಗೆ ಬಂದು, "ಅಕ್ಕಾ, ಗುರೆಳ್ಳು ಹುರಿದು ಪುಡಿ ಮಾಡಿದ್ರೋ, ಹಸೀದೋ?" ಎಂದು ಕೇಳಿಕೊಂಡು ಹೋದಳು.

ಗೆದ್ದೆವು ಎಂದುಕೊಂಡಿದ್ದೆ. ಮಂಗಳವಾರ ಮಧ್ಯಾಹ್ನ ಮನೆಯಲ್ಲಿ ಅದೇ ಪಲ್ಲೆ ಬಡಿಸಿದರೆ, ಮಾವ ಅಭ್ಯಾಸಬಲದಿಂದ ಅದನ್ನು ಅಂಚಿಗೆ ತಳ್ಳಿದರು.

"ನಿನ್ನೆ ಉಂಡ್ರಲ್ರಿ?" ಅತ್ತೆ ಕೇಳಿದರು.

"ಅದು ಪ್ರಸಾದ."

ಅತ್ತೆ ಪಲ್ಲೆಯ ಪಾತ್ರೆ ಎತ್ತಿಕೊಂಡು ಒಳಗೆ ಹೋಗಿ ದೇವರ ಜಗುಲಿಯ ಮೇಲಿಟ್ಟು, ದೀಪ ಹಚ್ಚಿ, ಕೈಮುಗಿದು, ಹಣೆಗೆ ವಿಭೂತಿ ಹಚ್ಚಿಕೊಂಡು ಬಂದರು. ತಟ್ಟೆಗೆ ಇನ್ನೊಂದು ಸೌಟು ಹಾಕಿದರು.

"ಈಗ ಇದೂ ಪ್ರಸಾದ. ಮಠದಾಗೆ ಮಾಡಿದೋಳು ಯಾರ್ರೀ? ಅದೇ ಕೈ, ಅದೇ ಹಾಗಲಕಾಯಿ. ಅಲ್ಲಿ ತೊಳೆದು ಕುಡೀತೀರಿ, ಇಲ್ಲಿ ನನ್ನ ಅಡುಗೆ ಕಸ ಏನು? ನೀವು ಬಿಟ್ಟಿದ್ದನ್ನ ಉಂಡು ಉಂಡು ನನ್ನ ಕಾಲು ಗಟ್ಟಿ ಆಗ್ಯಾವೆ. ನಿಮ್ಮ ಕಾಲು ನನಗೆ ಬೇಕು. ಇನ್ನ ನೀವು ಬಿಟ್ಟಿದ್ದು ನಾನು ಉಣ್ಣಂಗಿಲ್ಲ."

ಅತ್ತೆ ಸೌಟು ಹಿಡಿದುಕೊಂಡು ಅಲ್ಲೇ ನಿಂತರು. ಮಾವ ನನ್ನ ಕಡೆ ನೋಡಿದರು. ನಾನು ಬೇಕೆಂದೇ ಗೋಡೆ ನೋಡಿದೆ.

ಹುಣ್ಣು ಮಾಯಲು ಬಹಳ ದಿನ ಹಿಡಿಯಿತು, ಮಾತ್ರೆಗಳೂ ನಿಲ್ಲಲಿಲ್ಲ, ಆದರೆ ಬೆರಳು ಉಳಿಯಿತು. ಬಜ್ಜಿಯ ಗಾಡಿಯ ಕಡೆ ಮಾವ ಈಗಲೂ ಒಮ್ಮೊಮ್ಮೆ ಹೋಗುತ್ತಾರೆ, ಗೊತ್ತಾಗುವುದಿಲ್ಲ ಎಂದುಕೊಂಡಿದ್ದಾರೆ. ನನ್ನ ಕಣ್ಣಿಗೆ ಕಟ್ಟಿರುವುದು ಮಾತ್ರ ಆ ಮಂಗಳವಾರ. ಮಾವ ಅಂಚಿನ ಪಲ್ಲೆಯನ್ನು ನಡುವಿಗೆ ಎಳೆದುಕೊಂಡು ಉಂಡರು. ಉಣ್ಣುತ್ತಾ, "ಗುರೆಳ್ಳು ಇನ್ನೊಂಚೂರು ಹಾಕ್ಬೇಕಿತ್ತು" ಎಂದು ಗೊಣಗಿದರು. ಆಮೇಲೆ ಮನೆಯಲ್ಲಿ ಮೊದಲ ಸಲ ತಟ್ಟೆಗೆ ನೀರು ಹಾಕಿ, ತೊಳೆದು, ಕುಡಿದರು.

ಅತ್ತೆ ಕೊನೆಯ ಗುಟುಕಿನ ತನಕ ನೋಡಿದರು. ಆಮೇಲೆ ಗೂಡಿನಿಂದ ಬೇರೆ ತಟ್ಟೆ ತೆಗೆದುಕೊಂಡು, ತಮಗೆ ಬಿಸಿ ಪಲ್ಲೆ ಬಡಿಸಿಕೊಂಡು ಉಣ್ಣಲು ಕೂತರು.