ಬಾವಿಯ ಚಿತ್ರದಲ್ಲಿ ಒಂದು ಕೈ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಮಣಿಪಾಲದ ಒಂದು ಮುದ್ರಣಾಲಯದಲ್ಲಿ ಪುಸ್ತಕ ಹೊಲಿಯುತ್ತಿದ್ದೆ. ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವವರೊಬ್ಬರು ಪರ್ಕಳದಿಂದ ಅಲ್ಲಿಗೆ ನಡೆದೇ ಬರುತ್ತಿದ್ದರು. ಕೋಳಿಯ ಕಾಲಿನಲ್ಲಿ ಒಂದು ಬೆರಳು ತಪ್ಪಿದರೂ ಇಡೀ ಹಾಳೆಯನ್ನು ಹೊಸದಾಗಿ ಬರೆಯುವರು. "ದೊಡ್ಡವರು ಓದುತ್ತಾರೆ, ಮಕ್ಕಳು ನೋಡುತ್ತಾರೆ ಮಾರಾಯ," ಎನ್ನುವರು.

ಅವರ ಒಂದು ಪುಸ್ತಕದಲ್ಲಿ ಪುಟ್ಟ ಹುಡುಗಿಯೊಬ್ಬಳು ಬಾವಿಗೆ ಬಗ್ಗಿ ನೀರಿನೊಳಗಿನ ಚಂದ್ರನನ್ನು ನೋಡುತ್ತಿದ್ದಳು. ಅದನ್ನು ನಾನು ಮನೆಗೆ ಒಯ್ದ ವಾರದಲ್ಲೇ, ನಡುಮಧ್ಯಾಹ್ನ, ನನ್ನ ನಾಲ್ಕು ವರ್ಷದ ಮಗಳು ಚಂದ್ರನನ್ನು ನೋಡಲೆಂದು ಕೊಡಪಾನ ಕವುಚಿಟ್ಟು ನಮ್ಮ ಬಾವಿಕಟ್ಟೆ ಹತ್ತಿದಳು. ನನ್ನ ತಾಯಿ ಲಂಗ ಹಿಡಿದು ಹಿಂದಕ್ಕೆಳೆದರು.

ಮರುದಿನ ಇದನ್ನು ಚಿತ್ರ ಬರೆದವರಿಗೆ ಹೇಳಿದೆ. ಅವರು ಅದೇ ಸಂಜೆ ನಮ್ಮ ಮನೆಗೆ ಬಂದು ಮಗಳ ಎದುರು ಕುಳಿತರು.

"ನಿನ್ನನ್ನು ಹಿಡಿದದ್ದು ಯಾರು ಮಗಾ?"

"ಅಜ್ಜಿ. ನನ್ನ ಲಂಗ ಹರಿದೇ ಹೋಯ್ತು," ಎಂದು ಅವಳು ದೂರು ಹೇಳಿದಳು.

ಅವರು ನನ್ನ ತಾಯಿಯ ಕೈಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಎಂಟು ದಿನ ಮುದ್ರಣಾಲಯದ ಉಗ್ರಾಣದಲ್ಲಿ ಕುಳಿತು, ಅಂಗಡಿಗೆ ಹೋಗದೆ ಉಳಿದಿದ್ದ ಪ್ರತಿಯೊಂದು ಪುಸ್ತಕದಲ್ಲೂ, ಹುಡುಗಿಯ ಲಂಗವನ್ನು ಹಿಂದಿನಿಂದ ಹಿಡಿದ ಸುಕ್ಕುಗಟ್ಟಿದ ಕೈಯೊಂದನ್ನು ಮಸಿಯಲ್ಲಿ ಬರೆದರು.

ನಾನು ಒಂದೊಂದನ್ನೂ ತೆರೆದು ನೋಡಿದೆ. ಕೊನೆಯ ಪ್ರತಿಯಲ್ಲೂ ಹಿಡಿತ ಸಡಿಲವಾಗಿರಲಿಲ್ಲ.