ನಾನು ಮತ್ತೆ ಇಟ್ಟ ಹುಣಸೆಬೀಜ

ನನ್ನ ಓದು ಎಸ್ಸೆಸ್ಸೆಲ್ಸಿಗೆ ನಿಂತಿತು. ಆದರೂ ಬನಶಂಕರಿಯ ಒಂದು ಸಣ್ಣ ಸಂಘದಲ್ಲಿ ಬಹಳ ವರ್ಷ ಕಾರ್ಯಕರ್ತನಾಗಿದ್ದೆ. ಜನರ ಹಕ್ಕುಗಳಿಗಾಗಿ ಯೋಜನೆ ರೂಪಿಸಲು ದೊಡ್ಡ ಸಂಸ್ಥೆಯವರು ಬಂದಾಗ, ಅವರಿಗೂ ಕೇರಿಯವರಿಗೂ ನಡುವೆ ನಿಂತು ಮಾತು ದಾಟಿಸುತ್ತಿದ್ದವನು ನಾನೇ. ಎರಡೂ ಕಡೆಯವರು ನನ್ನನ್ನು ನಂಬುತ್ತಿದ್ದರು.

ಕುಮಾರಸ್ವಾಮಿ ಲೇಔಟ್‌ನ ಅಂಚಿನಲ್ಲಿ, ರಾಜಕಾಲುವೆಯ ಪಕ್ಕ, ಮನೆಗೆಲಸದ ಹೆಂಗಸರ ಗುಡಿಸಲುಗಳಿದ್ದವು. ಯೋಜನೆ ಬರೆಯುವ ಮೊದಲು ಜನರೇ ತಮ್ಮ ಕೇರಿಯ ನಕ್ಷೆ ಬಿಡಿಸಬೇಕೆಂಬುದು ಸಂಸ್ಥೆಯ ಪದ್ಧತಿ. ಹೆಂಗಸರು ರಂಗೋಲಿ ಪುಡಿಯಲ್ಲಿ ನೆಲದ ಮೇಲೆ ಕಾಲುವೆ, ದಾರಿ, ನಲ್ಲಿ ಎಳೆದರು. ಮನೆಗೊಂದು ಹುಣಸೆಬೀಜ ಇಟ್ಟರು. ಹಕ್ಕುಪತ್ರದ ಅರ್ಜಿಯ ಜೊತೆ ಈ ನಕ್ಷೆಯೂ ಸರ್ಕಾರಿ ಕಚೇರಿಗೆ ಹೋಗುತ್ತದೆ ಎಂದೆ.

ಕಾಲುವೆಗೆ ತೀರ ಅಂಟಿಕೊಂಡಿದ್ದ ಗುಡಿಸಲಿನವಳು ತನ್ನ ಬೀಜವನ್ನು ಎತ್ತಿ ಮುಷ್ಟಿಯಲ್ಲಿಟ್ಟುಕೊಂಡಳು.

“ನಂದು ಬೇಡ ಸಾರ್. ಯಾರ ಕಣ್ಣಿಗೂ ಬೀಳ್ದೇ ಇರೋದಕ್ಕೇ ನನ್ ಮನೆ ಇನ್ನೂ ನಿಂತಿರೋದು.”

“ಓಹೋ, ಮಹಾರಾಣಿ ಅರಮನೆ ಕಣ್ರೇ, ಯಾರಿಗೂ ತೋರ್ಸಲ್ವಂತೆ!” ಎಂದು ಪಕ್ಕದವಳು ನಕ್ಕಳು.

ಸಂಸ್ಥೆಯ ಮೇಡಂಗೆ ಕನ್ನಡ ಬಾರದು. ಏನಂದರು ಎಂದು ನನ್ನನ್ನು ಕೇಳಿದರು. ಒಂದು ಮನೆಯೂ ಬಿಟ್ಟುಹೋಗಬಾರದು ಎಂದು ಅವರು ಬೆಳಿಗ್ಗೆ ಹೇಳಿದ್ದರು. ಬೇಡವೆಂದವರನ್ನು ಸೇರಿಸಬಾರದೆಂದೂ ಹೇಳಿದ್ದರು. ನಾನು ಮೊದಲನೆಯದನ್ನಷ್ಟೇ ಹಿಡಿದುಕೊಂಡೆ. ಏನೋ ತಮಾಷೆ ಮಾಡುತ್ತಿದ್ದಾರೆ ಎಂದುಬಿಟ್ಟೆ. ಕೆಲಸದ ಮನೆಗೆ ಹೊತ್ತಾಯಿತೆಂದು ಬೀಜ ಎತ್ತಿಕೊಂಡವಳು ಹೊರಟಳು. ಫೋಟೊ ತೆಗೆಯುವ ಮುಂಚೆ ಬುಟ್ಟಿಯಿಂದ ಇನ್ನೊಂದು ಬೀಜ ತೆಗೆದು ಅವಳ ಜಾಗದಲ್ಲಿಟ್ಟೆ. ಯಾರೂ ನೋಡಲಿಲ್ಲ.

ಅದೇ ನಕ್ಷೆ ಹಿಡಿದು ಅಳತೆಯವರು ಬಂದರು. ಉಳಿದವರಿಗೆ ಹಕ್ಕುಪತ್ರ ಸಿಕ್ಕಿತು. ಅವಳ ಗುಡಿಸಲು ಮಾತ್ರ ಕಾಲುವೆಯ ಗಡಿಯೊಳಗೆ ಬಂತು. ಜೆಸಿಬಿಗೆ ಹತ್ತು ನಿಮಿಷವೂ ಹಿಡಿಯಲಿಲ್ಲ. ಅವಳು ಪಾತ್ರೆಗಳನ್ನು ಹಳೆ ಸೀರೆಯಲ್ಲಿ ಗಂಟು ಕಟ್ಟುತ್ತಿದ್ದಾಗ ನಾನು ರಸ್ತೆಯ ಆಚೆ ನಿಂತಿದ್ದೆ. ವರದಿಯಲ್ಲಿ ಆ ಕೇರಿಯನ್ನು ನಮ್ಮ ಗೆಲುವು ಎಂದು ಬರೆದೆವು.

ಈ ಯುಗಾದಿಯ ಹಿಂದಿನ ದಿನ ಜಯನಗರದ ಮಾರ್ಕೆಟ್ ಹತ್ತಿರ ಅವಳು ಹೂ ಮಾರುತ್ತಿದ್ದಳು. ಕೂದಲೆಲ್ಲ ಬೆಳ್ಳಗಾಗಿತ್ತು. ತಲೆ ತಗ್ಗಿಸಿ ದಾಟುವಷ್ಟರಲ್ಲಿ ಕರೆದಳು.

“ಏನ್ ಸಾರ್, ನಾಳೆ ಹಬ್ಬ ಇಟ್ಕೊಂಡು ಹೂವಿಲ್ದೇ ಹೋದ್ರೆ ಅಮ್ಮಾವ್ರು ಒಳಗೆ ಸೇರಿಸ್ತಾರಾ?”

ಮೊಳ ಹಾಕುತ್ತಾ ಕೇಳಿದಳು: “ಒಂದ್ ಮಾತು ಸಾರ್. ಆವತ್ತು ಬೀಜ ನಾನು ಎತ್ಕೊಂಡಿದ್ದೆ ಅಲ್ವಾ? ಇಲ್ಲ, ಎತ್ಕೊಂಡೆ ಅನ್ಕೊಂಡು ಅಲ್ಲೇ ಬಿಟ್ಬಿಟ್ನಾ? ಮನೇನ ನೀನೇ ತೋರಿಸ್ಕೊಟ್ಟೆ ಅಂತ ನನ್ ಮಗಳು ಇವತ್ತಿಗೂ ನನ್ನೇ ಬೈತಾಳೆ.”

“ನೆನಪಿಲ್ಲಮ್ಮ,” ಎಂದೆ.

“ಹೋಗ್ಲಿ ಬಿಡಿ, ಇಬ್ರಿಗೂ ವಯಸ್ಸಾಯ್ತು,” ಎಂದು ಒಂದು ಗೇಣು ಹೂ ಹೆಚ್ಚಿಗೆ ಕೊಟ್ಟಳು.

ಈಗ ಮನೆಯಲ್ಲಿ ಹೆಂಡತಿ ಹುಣಸೆಹಣ್ಣು ಬಿಡಿಸಲು ಕೂತರೆ ನಾನು ಎದ್ದು ಹೊರಗೆ ಹೋಗುತ್ತೇನೆ. ಬೀಜ ತಟ್ಟೆಗೆ ಬೀಳುವ ಸದ್ದು ಗೇಟಿನವರೆಗೂ ಬರುತ್ತದೆ.

ಅವಳು ಎತ್ತಿಕೊಂಡಿದ್ದಳು. ನಾನು ಕಣ್ಣಾರೆ ನೋಡಿದ್ದೆ. ಅದನ್ನು ಅವಳ ಮಗಳ ಎದುರಿಗೇ ಹೇಳಬೇಕೆಂದು ಆಮೇಲೆ ಎರಡು ಸಲ ಹೋದೆ. ಎರಡು ಸಲವೂ ಮಗಳು ಅಲ್ಲೇ ಕೂತು ಹೂ ಕಟ್ಟುತ್ತಿದ್ದಳು. ಎರಡು ಸಲವೂ ಮಲ್ಲಿಗೆ ಕೊಂಡು ಮನೆಗೆ ಬಂದೆ.